ಟೆಂಡರಿನ ಬಾಗಿಲಲ್ಲಿ ನಿಂತುಬಿಡುವ ಸಮಾನತೆ

2014ರ ಜುಲೈ ತಿಂಗಳಲ್ಲಿ ಬಾರಾಮತಿಯಲ್ಲಿ ಧನಗರ ಸಮುದಾಯದವರು ಉಪವಾಸ ಸತ್ಯಾಗ್ರಹಕ್ಕೆ ಕುಳಿತರು. ಕರ್ನಾಟಕದ ಕುರುಬರಂತೆ ಕುರಿಗಾಹಿ ಮೂಲದ ಈ ಜನರಿಗೆ ಮಹಾರಾಷ್ಟ್ರದಲ್ಲಿ ಅಲೆಮಾರಿ ಜಾತಿಗಳ ಪಟ್ಟಿಯಲ್ಲಿ ಶೇಕಡಾ 3.5ರ ಮೀಸಲಾತಿಯಿದೆ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬುದು ಅವರ ಬೇಡಿಕೆಯಾಗಿತ್ತು. ಆಗ ಭಾರತೀಯ ಜನತಾ ಪಕ್ಷದ ರಾಜ್ಯಾಧ್ಯಕ್ಷರಾಗಿದ್ದ ದೇವೇಂದ್ರ ಫಡಣವೀಸರು ಸ್ಥಳಕ್ಕೆ ಬಂದು, ಅಧಿಕಾರ ಸಿಕ್ಕರೆ ಮೊದಲ ಸಂಪುಟ ಸಭೆಯಲ್ಲಿಯೇ ತೀರ್ಮಾನಿಸುವೆವೆಂದು ಮಾತುಕೊಟ್ಟರು. ಅಧಿಕಾರವೇನೋ ದೊರೆಯಿತು, ಬೇಡಿಕೆ ಈಡೇರಲಿಲ್ಲ. 2024ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟು ಈ ಸಂಬಂಧದ ಅರ್ಜಿಗಳನ್ನು ತಳ್ಳಿಹಾಕಿತು.

ಆ ತೀರ್ಪು ಬಂದ ಎರಡೇ ವಾರಗಳಲ್ಲಿ, 2024ರ ಮಾರ್ಚ್ 2ರಂದು, ಅದೇ ಬಾರಾಮತಿಯಲ್ಲಿ ಸರ್ಕಾರವೇ ಮುಂದೆ ನಿಂತು ಬೃಹತ್ ಉದ್ಯೋಗ ಮೇಳವೊಂದನ್ನು ನಡೆಸಿತು. ಮುಖ್ಯಮಂತ್ರಿಯೂ ಇಬ್ಬರು ಉಪಮುಖ್ಯಮಂತ್ರಿಗಳೂ ವೇದಿಕೆಯ ಮೇಲಿದ್ದರು. ಮೇಳಕ್ಕೆ ಬಂದ ತರುಣ ತರುಣಿಯರ ಮುಂದಿದ್ದ ಕೆಲಸಗಳು ಮುಖ್ಯವಾಗಿ ಖಾಸಗಿ ಕಂಪನಿಗಳವು. ಆ ಕೆಲಸಗಳಿಗೆ ಶೇಕಡಾ 3.5 ಎಂಬ ಅಂಕಿಗೂ, ಶೇಕಡಾ 13 ಎಂಬ ಅಂಕಿಗೂ ಯಾವ ಅರ್ಥವೂ ಇರಲಿಲ್ಲ.

ಈ ಎರಡು ದೃಶ್ಯಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅಗತ್ಯ. ಒಂದು ಕಡೆ ಪ್ರತಿಯೊಂದು ಸಮುದಾಯವೂ ಸರ್ಕಾರಿ ನೌಕರಿಯ ಪಾತ್ರೆಯಲ್ಲಿ ತನ್ನ ಪಾಲು ಹೆಚ್ಚಲೆಂದು ಬೀದಿಗಿಳಿದಿದೆ. ಮತ್ತೊಂದು ಕಡೆ ಆ ಪಾತ್ರೆಯ ತಳವೇ ಒಡೆದು, ಒಳಗಿದ್ದ ಕೆಲಸಗಳು ಹೊರಗುತ್ತಿಗೆಯ ದಾರಿಯಲ್ಲಿ ಸೋರಿ ಹೋಗುತ್ತಿವೆ. ಪಾಲಿನ ಜಗಳದ ಗದ್ದಲದಲ್ಲಿ ಸೋರಿಕೆಯ ಸದ್ದು ಯಾರ ಕಿವಿಗೂ ಬೀಳುತ್ತಿಲ್ಲ.

ಸಂವಿಧಾನದ ಮಾತು ಸ್ಪಷ್ಟವಾಗಿದೆ. ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳ, ಇವುಗಳಲ್ಲಿ ಯಾವುದನ್ನೇ ಕಾರಣವಾಗಿಸಿಕೊಂಡು ಸರ್ಕಾರಿ ಉದ್ಯೋಗದಲ್ಲಿ ಯಾರ ವಿರುದ್ಧವೂ ತಾರತಮ್ಯ ಮಾಡಲಾಗದೆಂದು 16ನೆಯ ವಿಧಿ ಹೇಳುತ್ತದೆ. 12ನೆಯ ವಿಧಿಯಂತೆ ‘ರಾಜ್ಯ’ವೆಂದರೆ ದೆಹಲಿ, ಮುಂಬಯಿಗಳ ಸರ್ಕಾರಗಳು ಮಾತ್ರವಲ್ಲ, ಸ್ಥಳೀಯ ಸಂಸ್ಥೆಗಳೂ ಅದರಲ್ಲಿ ಸೇರುತ್ತವೆ. ಆದ್ದರಿಂದ ಬಾರಾಮತಿಯ ನಗರಪರಿಷತ್ತು ಒಬ್ಬ ಗುಮಾಸ್ತನನ್ನು ನೇಮಿಸಿಕೊಳ್ಳುವಾಗಲೂ ಸಂವಿಧಾನ ಆ ಕೋಣೆಯಲ್ಲಿ ಹಾಜರಿರುತ್ತದೆ. ಮಹಾರಾಷ್ಟ್ರದ ಮೀಸಲಾತಿ ಕಾಯ್ದೆ ಪರಿಶಿಷ್ಟ ಜಾತಿಗಳಿಗೆ 13, ಪರಿಶಿಷ್ಟ ಪಂಗಡಗಳಿಗೆ 7, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 11, ವಿಶೇಷ ಹಿಂದುಳಿದ ವರ್ಗಕ್ಕೆ 2, ಇತರ ಹಿಂದುಳಿದ ವರ್ಗಗಳಿಗೆ 19, ಹೀಗೆ ಒಟ್ಟು ಶೇಕಡಾ 52ನ್ನು ನಿಗದಿಪಡಿಸಿತು. ಅದರ ಮೇಲೆ 2019ರಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆ ಶೇಕಡಾ 10 ಬಂದಿತು. 2024ರಲ್ಲಿ ಮರಾಠರಿಗೆ ಮತ್ತೊಂದು ಶೇಕಡಾ 10 ಬಂದಿತು. ಬಾರಾಮತಿಯನ್ನು 1967ರಿಂದ ವಿಧಾನಸಭೆಯಲ್ಲಿ ಪ್ರತಿನಿಧಿಸಿದ ಶರದ್ ಪವಾರರು ಮುಖ್ಯಮಂತ್ರಿಯಾಗಿದ್ದಾಗ, 1994ರ ಮಹಿಳಾ ನೀತಿಯ ಭಾಗವಾಗಿ, ಸರ್ಕಾರಿ ಸೇವೆಯಲ್ಲಿ ಮಹಿಳೆಯರಿಗೆ ಶೇಕಡಾ 30ರ ಮೀಸಲಾತಿಯೂ ದೊರೆತಿತ್ತು. ಕಾಗದದ ಮೇಲೆ ಇದಕ್ಕಿಂತ ವಿಸ್ತಾರವಾದ ವ್ಯವಸ್ಥೆಯನ್ನು ಕಾಣುವುದು ಕಷ್ಟ.

ಆದರೆ ನಗರಪರಿಷತ್ತಿನ ಕಚೇರಿಯಿಂದ ಹೊರಬಂದು ಬೀದಿಯಲ್ಲಿ ನಿಂತರೆ ಬೇರೆಯೇ ಚಿತ್ರ ಎದುರಾಗುತ್ತದೆ. ಮಹಾರಾಷ್ಟ್ರದಲ್ಲಿ ನಗರಪರಿಷತ್ತುಗಳ ಪ್ರಮುಖ ಹುದ್ದೆಗಳು ರಾಜ್ಯಮಟ್ಟದ ಸೇವೆಗೆ ಸೇರಿವೆ. ಅವುಗಳಿಗೆ ಪರೀಕ್ಷೆ ನಡೆಯುವುದು ರಾಜ್ಯಮಟ್ಟದಲ್ಲಿ. ಊರಿನ ಸಂಸ್ಥೆಯ ಕೈಯಿಂದ ಪ್ರತಿವರ್ಷ ನಿಜವಾಗಿ ಹಂಚಿಕೆಯಾಗುವ ಕೆಲಸವೆಂದರೆ ಕಸ ಸಾಗಣೆ, ಚರಂಡಿ ಶುದ್ಧಿ, ಉದ್ಯಾನ ನಿರ್ವಹಣೆ, ನೀರು ಬಿಡುವುದು, ಕಾವಲು, ಕಂಪ್ಯೂಟರಿನಲ್ಲಿ ದಾಖಲೆ ತುಂಬುವುದು. ಇಂಥ ಕೆಲಸಗಳೇ ದೇಶದ ಊರೂರುಗಳಲ್ಲಿ ಟೆಂಡರಿನ ಮೂಲಕ ಗುತ್ತಿಗೆದಾರರ ಕೈಗೆ ಹೋಗಿವೆ. ಹಣ ಸಾರ್ವಜನಿಕರದು, ಕೆಲಸ ಸಾರ್ವಜನಿಕರದು, ಮೇಲ್ವಿಚಾರಣೆ ನಗರಪರಿಷತ್ತಿನ ಅಧಿಕಾರಿಯದು. ಆದರೆ ಹಾಜರಿ ಪುಸ್ತಕ ಮಾತ್ರ ಗುತ್ತಿಗೆದಾರನದು. ಆ ಒಂದು ಪುಸ್ತಕ ಕೈ ಬದಲಾಯಿಸಿದ ಕ್ಷಣದಲ್ಲಿ 16ನೆಯ ವಿಧಿ ಬಾಗಿಲ ಹೊರಗೆ ನಿಲ್ಲುತ್ತದೆ. ಗುತ್ತಿಗೆದಾರನು ‘ರಾಜ್ಯ’ವಲ್ಲ, ಅವನು ಯಾರನ್ನು ಕರೆದರೂ, ಯಾರನ್ನು ಬಿಟ್ಟರೂ ಕೇಳುವವರಿಲ್ಲ.

ಈ ಸೋರಿಕೆ ಎಷ್ಟು ದೊಡ್ಡದಾಗಬಲ್ಲದೆಂಬುದು 2023ರಲ್ಲಿ ಬಯಲಾಯಿತು. ಆ ವರ್ಷದ ಸೆಪ್ಟೆಂಬರ್ 6ರಂದು ಮಹಾರಾಷ್ಟ್ರ ಸರ್ಕಾರವು ಒಂಬತ್ತು ಖಾಸಗಿ ಸಂಸ್ಥೆಗಳ ಮೂಲಕ ಅತಿಕುಶಲ, ಕುಶಲ, ಅರೆಕುಶಲ, ಅಕುಶಲ ಎಂಬ ನಾಲ್ಕೂ ವರ್ಗಗಳ ಸಿಬ್ಬಂದಿಯನ್ನು ಪಡೆಯಲು ಆದೇಶ ಹೊರಡಿಸಿತು. ವರ್ಷಗಟ್ಟಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಪುಣೆಯ ಬಾಡಿಗೆ ಕೋಣೆಗಳಲ್ಲಿ ದಿನ ಕಳೆಯುತ್ತಿದ್ದ ತರುಣರು ಸಿಡಿದೆದ್ದರು. ವಿರೋಧ ಪಕ್ಷಗಳು, ಮೀಸಲಾತಿ ಪರ ಸಂಘಟನೆಗಳು ದನಿಗೂಡಿಸಿದವು. ಅಕ್ಟೋಬರ್ 20ರಂದು ಆದೇಶವನ್ನು ಹಿಂಪಡೆಯುವುದಾಗಿ ಫಡಣವೀಸರು ಘೋಷಿಸಿದರು; ಜೊತೆಗೆ, ಈ ಪದ್ಧತಿಗೆ ಅಡಿಪಾಯ ಹಾಕಿದವರು ಹಿಂದಿನ ಸರ್ಕಾರಗಳವರೇ ಎಂದು ಆರೋಪಿಸಿದರು. ಹೊರಗುತ್ತಿಗೆಯು ಯಾವುದೋ ಒಂದು ಪಕ್ಷದ ಪಾಪವಲ್ಲ ಎಂಬ ಮಟ್ಟಿಗೆ ಆ ಮಾತಿನಲ್ಲಿ ಸತ್ಯವಿತ್ತು. ಆದೇಶ ಹಿಂದೆ ಸರಿದರೂ, ಕೆಳಹಂತದ ಕೆಲಸಗಳನ್ನು ಗುತ್ತಿಗೆಗೆ ಕೊಡುವ ರೂಢಿ ಹಿಂದೆ ಸರಿಯಲಿಲ್ಲ.

ಜೈನ ಸಮಾಜಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ಇರಬಹುದು. ಅಂಥವರು ಕೊಲ್ಲಾಪುರದ ಇತಿಹಾಸವನ್ನು ಒಮ್ಮೆ ತಿರುವಿ ನೋಡಬೇಕು. 1902ರ ಜುಲೈ 26ರಂದು ಶಾಹೂ ಛತ್ರಪತಿಗಳು ತಮ್ಮ ಸಂಸ್ಥಾನದಲ್ಲಿ ಮುಂದೆ ಖಾಲಿಯಾಗುವ ಹುದ್ದೆಗಳ ಪೈಕಿ ಅರ್ಧದಷ್ಟನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟರು. ಬ್ರಾಹ್ಮಣ, ಪ್ರಭು, ಶೇಣವಿ, ಪಾರಸಿ ಮತ್ತಿತರ ಮುಂದುವರಿದ ವರ್ಗಗಳನ್ನು ಬಿಟ್ಟು ಉಳಿದವರೆಲ್ಲರೂ ಆ ಆದೇಶದ ವ್ಯಾಪ್ತಿಗೆ ಬಂದರು. ಹೊಲ ಉಳುತ್ತಿದ್ದ ದಕ್ಷಿಣದ ದಿಗಂಬರ ಜೈನರೂ ಅವರಲ್ಲಿದ್ದರು. ಆ ಆದೇಶದಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ: ಪ್ರತಿ ಇಲಾಖೆಯ ಮುಖ್ಯಸ್ಥನೂ ಮೂರು ತಿಂಗಳಿಗೊಮ್ಮೆ ನೇಮಕಾತಿಯ ತಖ್ತೆಯನ್ನು ಸಲ್ಲಿಸಬೇಕಾಗಿತ್ತು. ಲೆಕ್ಕ ಕೇಳದ ಸಮಾನತೆ ಬರಿಯ ಘೋಷಣೆಯಾಗಿ ಉಳಿಯುತ್ತದೆಂಬುದು ಆ ದೊರೆಗೆ ತಿಳಿದಿತ್ತು. ಮುಂದೆ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಸಮಿತಿಯನ್ನು ನೇಮಿಸಿದ್ದೂ ಇದೇ ಪ್ರಶ್ನೆಗೆ ಉತ್ತರ ಹುಡುಕಲು.

ಆ ಕಾಲದ ಕೊಲ್ಲಾಪುರದಲ್ಲಿ ಜೈನ ಸಮಾಜ ಕೇವಲ ಫಲಾನುಭವಿಯಾಗಿ ಕುಳಿತಿರಲಿಲ್ಲ. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯಲ್ಲಿ ದುಡಿದ ಅಣ್ಣಾಸಾಹೇಬ ಲಠ್ಠೆಯವರು ಬ್ರಾಹ್ಮಣೇತರ ಚಳವಳಿಯ ಮುಂದಾಳುಗಳಾದರು. 1924ರಲ್ಲಿ ಶಾಹೂ ಮಹಾರಾಜರ ಜೀವನಚರಿತ್ರೆಯನ್ನು ಪ್ರಕಟಿಸಿದರು. 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾದರು. ಕುಂಭೋಜದ ಜೈನ ಕುಟುಂಬದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯ ವಸತಿಗೃಹದಲ್ಲಿ ಅಸ್ಪೃಶ್ಯರೆನಿಸಿದ ಮಕ್ಕಳನ್ನೂ ಉಳಿದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಿದರು. ಅಂಥವರ ಪರಂಪರೆಗೆ ವಾರಸುದಾರಿಕೆ ಹೇಳಿಕೊಳ್ಳುವ ಸಮಾಜವು ಇಂದು ಸಾರ್ವಜನಿಕ ಗುತ್ತಿಗೆಯ ವಿಷಯದಲ್ಲಿ ಮೌನವಾಗಿರುವುದು ಶೋಭಿಸುವ ಸಂಗತಿಯಲ್ಲ.

ಇನ್ನೊಂದು ಕಾರಣವೂ ಇದೆ. 2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಧರ್ಮದ ಕಾರಣಕ್ಕೆ ತಾರತಮ್ಯವಾಗದಂತೆ ಕಾಯುವ ನಿಯಮ ಅಲ್ಪಸಂಖ್ಯಾತರಿಗೆ ಮೊದಲ ಕವಚ. ಹಾಗೆಯೇ ‘ಹುಟ್ಟಿದ ಸ್ಥಳ, ವಾಸಸ್ಥಳ’ ಎಂಬ ಎರಡು ಪದಗಳು ಗಡಿಯ ಎರಡೂ ಬದಿಗೆ ಹರಡಿಕೊಂಡ ಸಮಾಜಕ್ಕೆ ಸಣ್ಣ ಪದಗಳಲ್ಲ. ಕನ್ನಡ ಮಾತನಾಡುವ ಜೈನ ಕುಟುಂಬಗಳು ಮಹಾರಾಷ್ಟ್ರದಲ್ಲಿವೆ. ಮರಾಠಿ ಮಾತನಾಡುವ ಜೈನ ಕುಟುಂಬಗಳು ಬೆಳಗಾವಿ ಜಿಲ್ಲೆಯಲ್ಲಿವೆ. ಸ್ಥಳೀಯರಿಗೇ ಕೆಲಸವೆಂಬ ಕೂಗು ಎದ್ದಾಗಲೆಲ್ಲ ಇವರು ಒಂದು ಕಡೆ ಒಳಗಿನವರು, ಇನ್ನೊಂದು ಕಡೆ ಹೊರಗಿನವರು. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಶೇಕಡಾ 75 ಮೀಸಲಿಟ್ಟ ಹರಿಯಾಣದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದುಪಡಿಸಿತು. ಕರ್ನಾಟಕದ ಅಂಥದೇ ಮಸೂದೆ 2024ರ ಜುಲೈಯಲ್ಲಿ ಸಂಪುಟದ ಒಪ್ಪಿಗೆ ಪಡೆದ ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ತಾರತಮ್ಯ ನಿಷೇಧದ ನಿಯಮ ಸಡಿಲವಾದರೆ ಮೊದಲು ಜಾರುವುದು ಸಂಖ್ಯೆಯಲ್ಲಿ ಸಣ್ಣವರ ಕಾಲಡಿಯ ನೆಲ.

ಹಾಗಾದರೆ ಗುತ್ತಿಗೆಯೊಳಗೆ ಸಮಾನತೆಯನ್ನು ತರುವುದು ಹೇಗೆ? ಇದಕ್ಕೆ ಮೂರು ಬಗೆಯ ಪ್ರಯತ್ನಗಳು ನಡೆದಿವೆ.

ಮೊದಲನೆಯದು, ಗುತ್ತಿಗೆಯನ್ನೇ ಮೀಸಲಿಡುವುದು. ಕರ್ನಾಟಕವು ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು ಸಣ್ಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇಕಡಾ 17.15, ಪರಿಶಿಷ್ಟ ಪಂಗಡದವರಿಗೆ ಶೇಕಡಾ 6.95 ಪಾಲು ನೀಡಿತು. 50 ಲಕ್ಷ ರೂಪಾಯಿಯ ಮಿತಿಯನ್ನು ಬಳಿಕ 1 ಕೋಟಿಗೆ ಏರಿಸಿತು. 2025ರ ಮಾರ್ಚಿನಲ್ಲಿ ಪ್ರವರ್ಗ 2ಬಿಯಲ್ಲಿರುವ ಮುಸಲ್ಮಾನರಿಗೆ ಶೇಕಡಾ 4 ಸೇರಿಸಿದ ಮಸೂದೆ ಅಂಗೀಕಾರವಾದಾಗ ದೊಡ್ಡ ಕೋಲಾಹಲವೆದ್ದಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಪ್ರವರ್ಗ 3ಬಿಯಲ್ಲಿರುವ ದಿಗಂಬರ ಜೈನರು ಆ ಪಟ್ಟಿಯ ಹೊರಗೇ ಉಳಿದರು. ಇದನ್ನೇ ದೊಡ್ಡ ಅನ್ಯಾಯವೆಂದು ಬಿಂಬಿಸುವ ಮಾತುಗಳಿಗೆ ಸಮಾಜದಲ್ಲಿ ಕೊರತೆಯಿಲ್ಲ. ಆದರೆ ಗುತ್ತಿಗೆದಾರ ಯಾವ ಜಾತಿಯವನಾದರೂ ಅವನ ಕೈಕೆಳಗೆ ಸಲಿಕೆ ಹಿಡಿಯುವವನ ಕೂಲಿ, ಸುರಕ್ಷೆ, ಗೌರವಗಳ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಗುತ್ತಿಗೆಯ ಒಡೆತನ ಹಂಚಿದರೆ ಸಾಲದು. ಗುತ್ತಿಗೆಯ ಒಳಗಿನ ನಡತೆಯೂ ಬದಲಾಗಬೇಕು.

ಎರಡನೆಯದು, ಹೊರಗುತ್ತಿಗೆಯ ಹುದ್ದೆಗಳಿಗೂ ನಿಯಮವನ್ನು ವಿಸ್ತರಿಸುವುದು. 2024ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಹೊರಗುತ್ತಿಗೆ ನೇಮಕಾತಿಯಲ್ಲಿಯೂ ಮೀಸಲಾತಿಯನ್ನು ಪಾಲಿಸಬೇಕೆಂದು, ಮಹಿಳೆಯರಿಗೆ ಶೇಕಡಾ 33 ಸ್ಥಾನ ಇರಬೇಕೆಂದು ಸುತ್ತೋಲೆ ಹೊರಡಿಸಿತು. ಸಿಬ್ಬಂದಿ ಒದಗಿಸುವ ಸಂಸ್ಥೆಯೊಡನೆ ಮಾಡಿಕೊಳ್ಳುವ ಒಪ್ಪಂದದ ಷರತ್ತಿನಲ್ಲಿಯೇ ಈ ಮಾತು ಬರೆದಿರಬೇಕೆಂಬುದು ಅದರ ತಿರುಳು. ಸರ್ಕಾರ ಹಣ ಕೊಡುವಾಗ ಷರತ್ತು ಹಾಕುವುದಕ್ಕೆ ಹೊಸ ಕಾಯ್ದೆಯೇ ಬೇಕಾಗಿಲ್ಲ ಎಂಬ ಸರಳ ಸತ್ಯ ಅದರಲ್ಲಿದೆ.

ಮೂರನೆಯದು, ಕೆಲಸಗಾರರಿಗೇ ಗುತ್ತಿಗೆ ಕೊಡುವುದು. ಇದಕ್ಕೆ ಉದಾಹರಣೆ ಬಾರಾಮತಿಯಿಂದ ನೂರು ಕಿಲೋಮೀಟರಿನಷ್ಟು ದೂರದಲ್ಲಿರುವ ಪುಣೆ ನಗರದಲ್ಲಿಯೇ ಇದೆ. ಚಿಂದಿ ಆಯುವವರ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘಟನೆ 1993ರಲ್ಲಿ ಹುಟ್ಟಿತು. ಅದರ ಬಳಗದಿಂದ ಮೂಡಿದ ‘ಸ್ವಚ್ಛ್’ ಎಂಬ ಸಹಕಾರಿ ಸಂಸ್ಥೆಯೊಡನೆ ಪುಣೆ ಮಹಾನಗರಪಾಲಿಕೆ 2008ರಲ್ಲಿ ಮನೆಮನೆಯ ಕಸ ಸಂಗ್ರಹಣೆಯ ಒಪ್ಪಂದ ಮಾಡಿಕೊಂಡಿತು. 3,000ಕ್ಕೂ ಹೆಚ್ಚು ಸದಸ್ಯರಿರುವ ಈ ಸಂಸ್ಥೆಯಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ನಡುವೆ ಗುತ್ತಿಗೆದಾರನಿಲ್ಲ, ದುಡಿಯುವವಳೇ ಸಂಸ್ಥೆಯ ಪಾಲುದಾರಳು. ಒಪ್ಪಂದದ ನವೀಕರಣಕ್ಕಾಗಿ ಮತ್ತೆ ಮತ್ತೆ ಹೋರಾಡಬೇಕಾಗಿ ಬಂದಿದ್ದರೂ ಆ ವ್ಯವಸ್ಥೆ ನಿಂತಿದೆ. ನೆರೆಯ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆ 2022ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಕಾವಲು, ಉದ್ಯಾನ ಮುಂತಾದ ಕೆಲಸಗಳನ್ನು ಕೊಟ್ಟಿತು. ಅದೇ ಜಿಲ್ಲೆಯ ಎರಡು ಪಾಲಿಕೆಗಳಿಗೆ ಸಾಧ್ಯವಾದುದು ಬಾರಾಮತಿಯಂಥ ಊರಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ನ್ಯಾಯಾಲಯದ ದಾರಿಯೂ ಇದೆ. ಆದರೆ ಅದು ಉದ್ದದ ದಾರಿ. ಮುಂಬಯಿಯ ಕಸ ಸಾಗಿಸುವ 2,700 ಕಾರ್ಮಿಕರನ್ನು ಪಾಲಿಕೆ ‘ಸ್ವಯಂಸೇವಕ’ರೆಂದು ಕರೆಯುತ್ತಿತ್ತು, ಕೂಲಿಯನ್ನು ‘ಗೌರವಧನ’ವೆನ್ನುತ್ತಿತ್ತು. ಅವರನ್ನು ಕಾಯಂ ನೌಕರರೆಂದು ಪರಿಗಣಿಸಬೇಕೆಂಬ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 2017ರ ಏಪ್ರಿಲಿನಲ್ಲಿ, ವರ್ಷಗಟ್ಟಲೆ ಹೋರಾಟದ ನಂತರ. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು. ಕರ್ನಾಟಕದ ಪೌರಕಾರ್ಮಿಕರು 2022ರ ಜುಲೈಯಲ್ಲಿ ಮುಷ್ಕರ ಹೂಡಿದ ಬಳಿಕವೇ ಕಾಯಮಾತಿಯ ಪ್ರಕ್ರಿಯೆ ವೇಗ ಪಡೆಯಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,000ಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಪತ್ರ ದೊರೆಯಿತು. ಬೀದಿ ಗುಡಿಸುವ ಹೆಣ್ಣುಮಗಳೊಬ್ಬಳು ಸರ್ಕಾರದ ಮೊಹರಿರುವ ಕಾಗದವನ್ನು ಕೈಯಲ್ಲಿ ಹಿಡಿದು ನಿಂತದ್ದು ಸಾಮಾನ್ಯ ಘಟನೆಯಲ್ಲ.

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಅವುಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಹಿಂಬಾಗಿಲಿನಿಂದ ಬಂದವರನ್ನೆಲ್ಲ ಕಾಯಂ ಮಾಡಿದರೆ, ಪರೀಕ್ಷೆ ಬರೆದು ಕಾದಿರುವವರಿಗೆ ಅನ್ಯಾಯವಾಗುವುದಿಲ್ಲವೇ ಎಂಬುದು ಮೊದಲನೆಯದು. ಕರ್ನಾಟಕದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದ್ದು ಇದನ್ನೇ. ಆ ಮಾತಿನಲ್ಲಿ ಬಲವಿದೆ. ಆದರೆ ಸರ್ಕಾರಗಳು ಅದೇ ತೀರ್ಪನ್ನು ಗುರಾಣಿಯಾಗಿಸಿಕೊಂಡು, ದಶಕಗಟ್ಟಲೆ ದುಡಿಸಿಕೊಂಡವರನ್ನು ತಾತ್ಕಾಲಿಕರೆಂದು ಹೊರದಬ್ಬುವುದು ಸಲ್ಲದೆಂದು 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಎಚ್ಚರಿಸಿದೆ. ಎರಡನ್ನೂ ಕೂಡಿಸಿ ಓದಿದರೆ ಸಿಗುವ ಪಾಠ ಒಂದೇ: ಮೊದಲ ದಿನದಿಂದಲೇ ನೇಮಕಾತಿ ಬಹಿರಂಗವಾಗಿ, ನಿಯಮಬದ್ಧವಾಗಿ ನಡೆಯಲಿ. ಆಗ ಹಿಂಬಾಗಿಲೂ ಇರುವುದಿಲ್ಲ, ಹೊರದಬ್ಬುವ ಪ್ರಸಂಗವೂ ಬಾರದು.

ಷರತ್ತು ಹೆಚ್ಚಿದರೆ ಟೆಂಡರಿನ ಮೊತ್ತ ಏರುವುದೆಂಬುದು ಎರಡನೆಯ ಆಕ್ಷೇಪ. ಏರಬಹುದು. ಆದರೆ ಇಂದಿನ ಕಡಿಮೆ ದರ ಎಲ್ಲಿಂದ ಬಂತೆಂದು ಕೇಳಬೇಕು. ಯಂತ್ರ, ಇಂಧನ, ಬಡ್ಡಿಗಳ ದರ ಎಲ್ಲ ಗುತ್ತಿಗೆದಾರರಿಗೂ ಹೆಚ್ಚುಕಡಿಮೆ ಒಂದೇ. ಇಳಿಸಲು ಸಾಧ್ಯವಿರುವುದು ಕೂಲಿಯೊಂದೇ. ಅತಿ ಕಡಿಮೆ ದರ ಬರೆದವನಿಗೆ ಕೆಲಸವೆಂಬ ನಿಯಮವು ಭವಿಷ್ಯನಿಧಿ ಕಟ್ಟದವನಿಗೆ, ಕೈಗವಸು ಕೊಡದವನಿಗೆ, ಒಬ್ಬನ ಹೆಸರಿನಲ್ಲಿ ಇಬ್ಬರನ್ನು ದುಡಿಸುವವನಿಗೆ ಬಹುಮಾನವಾಗುತ್ತದೆ. ನಿಯಮ ಪಾಲಿಸುವ ಪ್ರಾಮಾಣಿಕ ಗುತ್ತಿಗೆದಾರ ಸ್ಪರ್ಧೆಯಲ್ಲಿ ಸೋಲುತ್ತಾನೆ. ಚರಂಡಿ ಗುಂಡಿಗೆ ಇಳಿದು ಸತ್ತವನ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಆ ಲೆಕ್ಕವನ್ನೂ ಸೇರಿಸಿದರೆ ಅಗ್ಗದ ಟೆಂಡರು ಅಗ್ಗವಾಗಿ ಉಳಿಯುವುದಿಲ್ಲ.

ಸರ್ಕಾರಿ ಆದೇಶವೊಂದರಿಂದ ಬಂದದ್ದು ಮತ್ತೊಂದು ಆದೇಶದಿಂದ ಹೋಗಬಹುದಲ್ಲ ಎಂಬುದು ಮೂರನೆಯದು. ಇದು ನಿಜವಾದ ಭಯ. ಅಮೆರಿಕದಲ್ಲಿ 1965ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಸರ್ಕಾರಿ ಗುತ್ತಿಗೆ ಪಡೆದ ಕಂಪನಿಗಳು ನೇಮಕಾತಿಯಲ್ಲಿ ತಾರತಮ್ಯ ಮಾಡಕೂಡದೆಂದು ಆಜ್ಞೆ ಹೊರಡಿಸಿದರು. ಸುಮಾರು ಅರವತ್ತು ವರ್ಷ ಬಾಳಿದ ಆ ಆಜ್ಞೆಯನ್ನು 2025ರ ಜನವರಿ 21ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದೇ ಸಹಿಯಿಂದ ರದ್ದುಗೊಳಿಸಿದರು. ಸುತ್ತೋಲೆಯ ಮೇಲೆ ಕಟ್ಟಿದ ಹಕ್ಕು ಮರಳಿನ ಮೇಲಿನ ಮನೆ. ಆದ್ದರಿಂದ ಇದು ಕಾಯ್ದೆಯಾಗಬೇಕು. ಸಾಧ್ಯವಾಗುವವರೆಗೆ ನಗರಪರಿಷತ್ತಿನ ಸರ್ವಸಾಧಾರಣ ಸಭೆಯ ಠರಾವಾಗಬೇಕು.

ಅಂಥ ಠರಾವಿನಲ್ಲಿ ಏನಿರಬೇಕು? ಪ್ರತಿ ಟೆಂಡರಿನಲ್ಲಿಯೂ ತಾರತಮ್ಯ ನಿಷೇಧದ ಷರತ್ತು. ಅದನ್ನು ಮುರಿದರೆ ಠೇವಣಿ ಮುಟ್ಟುಗೋಲು. ಖಾಲಿ ಇರುವ ಕೆಲಸಗಳನ್ನು ಗುತ್ತಿಗೆದಾರನು ಬಹಿರಂಗವಾಗಿ ಪ್ರಕಟಿಸುವ ಕಟ್ಟುಪಾಡು. ಗುತ್ತಿಗೆ ಬದಲಾದರೂ ಹಳೆಯ ಕೆಲಸಗಾರರನ್ನು ಮುಂದುವರಿಸುವ ಭರವಸೆ. ಬ್ಯಾಂಕ್ ಖಾತೆಗೇ ನೇರವಾಗಿ ಕೂಲಿ. ಎಲ್ಲಕ್ಕಿಂತ ಮಿಗಿಲಾಗಿ, ಶಾಹೂ ಮಹಾರಾಜರ ಕಾಲದ ಹಾಗೆ ಮೂರು ತಿಂಗಳಿಗೊಮ್ಮೆ ತಖ್ತೆ: ಎಷ್ಟು ಮಂದಿ, ಯಾವ ಕೆಲಸದಲ್ಲಿ, ಎಷ್ಟು ಹೆಂಗಸರು, ಯಾವ ವರ್ಗದವರು. ಆ ತಖ್ತೆ ಪ್ರಕಟವಾದ ದಿನ ಒಂದು ಸತ್ಯ ತಾನಾಗಿ ಹೊರಬೀಳುತ್ತದೆ. ಚರಂಡಿ ಕೆಲಸದ ಸಾಲಿನಲ್ಲಿ ಪರಿಶಿಷ್ಟರ ಸಂಖ್ಯೆ ಶೇಕಡಾ 13ಕ್ಕೆ ನಿಲ್ಲುವುದಿಲ್ಲ. ಮೇಲ್ವಿಚಾರಕರ ಸಾಲಿನಲ್ಲಿ ಅದು ಅಲ್ಲಿಯವರೆಗೆ ಏರುವುದೂ ಅಪರೂಪ. ತಾರತಮ್ಯವೆಂದರೆ ಕೆಲಸ ಕೊಡದಿರುವುದು ಮಾತ್ರವಲ್ಲ. ಒಂದೇ ಜಾತಿಗೆ ಒಂದೇ ಕೆಲಸವನ್ನು ತಲೆಮಾರುಗಳವರೆಗೆ ಕೊಡುತ್ತಲೇ ಇರುವುದೂ ತಾರತಮ್ಯವೇ.

ಕೊನೆಗೆ, ಕನ್ನಡಿಯನ್ನು ಸಮಾಜದ ಕಡೆಗೇ ತಿರುಗಿಸಬೇಕಾಗಿದೆ. ಜೈನರಲ್ಲಿ ಗುತ್ತಿಗೆದಾರರಿದ್ದಾರೆ, ಸಾಮಗ್ರಿ ಪೂರೈಸುವವರಿದ್ದಾರೆ, ಶಾಲೆ, ಆಸ್ಪತ್ರೆ, ಪತಸಂಸ್ಥೆ ನಡೆಸುವವರಿದ್ದಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಸ್ವಜನರನ್ನೇ ಕೂರಿಸುವುದು ನಂಬಿಕೆಯ ವಿಷಯವೆಂದು ಹೇಳುವುದುಂಟು. ತನ್ನ ಸ್ವಂತ ಗಲ್ಲಾಪೆಟ್ಟಿಗೆಯ ಮಟ್ಟಿಗೆ ಆ ಮಾತನ್ನು ಸಹಿಸಬಹುದು. ಆದರೆ ತೆರಿಗೆದಾರನ ಹಣದಿಂದ ನಡೆಯುವ ಕಾಮಗಾರಿಯಲ್ಲಿ ಮೇಲಿನ ಕುರ್ಚಿಗೆ ಬಂಧುಬಳಗ, ಕೆಳಗಿನ ಗುಂಡಿಗೆ ಅನ್ಯಜಾತಿ ಎಂಬ ಏರ್ಪಾಡನ್ನು ಯಾವ ಧರ್ಮವೂ ಸಮರ್ಥಿಸಲಾರದು. ಅಹಿಂಸೆಯು ತಟ್ಟೆಯಲ್ಲಿ ಏನಿದೆ ಎಂಬುದಕ್ಕಷ್ಟೇ ಸೀಮಿತವಾದರೆ, ಗುಂಡಿಯಲ್ಲಿ ಉಸಿರುಕಟ್ಟಿದವನ ಸಾವು ಯಾರ ಲೆಕ್ಕಕ್ಕೆ ಸೇರುತ್ತದೆ? ಅಲ್ಪಸಂಖ್ಯಾತರ ಪ್ರಮಾಣಪತ್ರಕ್ಕೆ ಅರ್ಜಿ ಬರೆಯುವ ಕೈಯೇ ನೇಮಕಾತಿಯ ಪಟ್ಟಿಯನ್ನೂ ಬರೆಯುತ್ತದೆ. ಮೊದಲ ಕಾಗದದಲ್ಲಿ ಕೇಳಿಕೊಂಡ ನ್ಯಾಯವನ್ನು ಎರಡನೆಯ ಕಾಗದದಲ್ಲಿ ಕೊಡಬೇಕಾಗುತ್ತದೆ.

ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. ಬಾರಾಮತಿಯಲ್ಲಿಯೋ ಬೆಳಗಾವಿಯಲ್ಲಿಯೋ ಮುಂದಿನ ಟೆಂಡರಿಗೆ ದರಪತ್ರ ಸಲ್ಲಿಸುವ ಜೈನ ಗುತ್ತಿಗೆದಾರನೊಬ್ಬನು, ಯಾರೂ ಕೇಳದಿದ್ದರೂ, ತನ್ನ ಕೆಲಸಗಾರರ ಪಟ್ಟಿಯನ್ನೂ ಅವರಿಗೆ ಕೊಡುವ ಕೂಲಿಯ ವಿವರವನ್ನೂ ಅದಕ್ಕೆ ಲಗತ್ತಿಸಬಹುದು. ಹಾಗೆ ಮಾಡಲು ಯಾವ ನಿಯಮವೂ ಅಡ್ಡಬರುವುದಿಲ್ಲ. ಭಾವೂರಾವ್ ಪಾಟೀಲರು ಸಾತಾರೆಯಲ್ಲಿ ಒಂದೇ ಪಂಕ್ತಿ ಹಾಕಿದಾಗಲೂ ಹಾಗೆ ಮಾಡಬೇಕೆಂದು ಯಾವ ಸರ್ಕಾರವೂ ಅವರಿಗೆ ಆದೇಶ ಕೊಟ್ಟಿರಲಿಲ್ಲ.